ಹೌರಾ ಕಡೆಯಿಂದ ಬರುವ ಹಾಯಿ

ಕಲ್ಕತ್ತದಲ್ಲಿ ಆ ಶನಿವಾರ ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡಲಿಲ್ಲ. ಜಾದವ್‌ಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಆಟೋಗಳು ನಿಂತಿದ್ದವು. ಸಿಯಾಲ್ದಾ ಲೋಕಲ್ ಕೂಡ ಹೊರಡುತ್ತಿಲ್ಲವೆಂದು ರೈಲ್ವೆಯಲ್ಲಿರುವ ಅಪ್ಪ ಫೋನು ಮಾಡಿ, ನೀರಿಳಿಯುವವರೆಗೆ ಅಲ್ಲೇ ಇರು ಅಂದರು. ಹೀಗೆ ಉಮಾಪತಿ ಮಾಮನ ಎರಡನೆಯ ಮಹಡಿಯ ಮನೆಯಲ್ಲಿ ನಾವು ಐದು ಜನ ಸಿಕ್ಕಿಕೊಂಡೆವು. ಮಾಮ, ಅವರ ಹೆಂಡತಿ ರುಕ್ಮಿಣಿ ಅತ್ತೆ, ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ವರ್ಗವಾಗಿ ಬಂದ ರಂಜಿತ್, ಅವನ ಹೆಂಡತಿ ವರ್ಷಿಣಿ, ಮತ್ತು ನಾನು.

ನಾನು ಹೋದದ್ದು ಹೆಸರಿನ ಪಟ್ಟಿ ಬರೆಯಲಿಕ್ಕೆ. ಮಾತಾಡುವ ಕೆಲಸಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ, ಬರೆಯುವ ಕೆಲಸವಿದ್ದರೆ ಮಾತ್ರ ಸಿಂಧೂರ ನೆನಪಾಗುತ್ತಾಳೆ. ಅದು ನನಗೂ ಹಿತವೇ. ಪಟ್ಟಿ ಮರುದಿನದ ವಿಹಾರದ್ದು. ರಂಜಿತ್ ಮತ್ತು ಅವನ ಆಫೀಸಿನ ಇಬ್ಬರು ಗೆಳೆಯರು ಸೇರಿ ಹಳೆಯದೊಂದು ಮೋಟಾರು ಬೋಟು ಕೊಂಡು ಹೊಸ ಎಂಜಿನ್ ಹಾಕಿಸಿದ್ದರು. ಅವನು ತರಬೇತಿ ಮುಗಿಸಿ ಸರ್ಟಿಫಿಕೇಟನ್ನೂ ತೆಗೆದುಕೊಂಡಿದ್ದ. ಭಾನುವಾರ ನಾಲ್ಕು ಗಂಟೆಗೆ ನಮ್ಮ ಕನ್ನಡ ಬಳಗದ ಹನ್ನೊಂದು ಜನರನ್ನು ಹೂಗ್ಲಿಯ ಮೇಲೆ ಕುಮಾರ್‌ಟುಲಿ ಘಾಟಿನವರೆಗೆ ಕರೆದೊಯ್ದು, ಪೂಜೆಗೆ ಸಿದ್ಧವಾಗುತ್ತಿರುವ ದುರ್ಗೆಯ ಮೂರ್ತಿಗಳನ್ನು ತೋರಿಸಿ ತರುವುದು ಅವನ ಯೋಜನೆ. ಚುಕ್ಕಾಣಿ ಅವನದೇ. ಹನ್ನೊಂದನೆಯ ಹೆಸರು ನನ್ನದು.

"ಹನ್ನೆರಡನೆಯದು ಅಂಕಲ್ ಹೆಸರು ಬರ್ಕೊಳ್ಳಿ ಸಿಂಧೂರ," ಎಂದ ರಂಜಿತ್. "ಲಾಂಚ್ ಓಡಿಸಿದ ಮನುಷ್ಯ ನೀವು. ನೀವೇ ಬರ್ಲಿಲ್ಲ ಅಂದ್ರೆ ಹೆಂಗೆ ಅಂಕಲ್?"

"ನಾನು ಬರೂದಿಲ್ಲ."

"ಇವರು ನೀರು ನೋಡಿದ್ರೆ ಹೆದರುವ ಜನ," ರುಕ್ಮಿಣಿ ಅತ್ತೆ ಬಿಸಿ ಖಿಚುಡಿ, ಕರಿದ ಬದನೆಕಾಯಿ ತಂದಿಡುತ್ತಾ ನಕ್ಕರು. "ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಮನೆ ಬಾಗಿಲಿಗೇ ಸಮುದ್ರ. ಇಲ್ಲಿ ಹೌರಾಕ್ಕೆ ಹೋಗ್ಬೇಕಾದ್ರೆ ಸೇತುವೆ ಮೇಲೆ ಬಸ್ಸಲ್ಲಿ ಒಂದು ಗಂಟೆ ಬೆವರ್ತಾರೆ ಹೊರತು ಹತ್ತು ನಿಮಿಷದ ಫೆರ್ರಿ ಹತ್ತೂದಿಲ್ಲ. ಈಜು ಮರ್ತುಹೋಗಿರ್ಬೇಕು ಪಾಪ."

ಮಾಮ ನಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ರಂಜಿತನನ್ನು ದಿಟ್ಟಿಸಿದರು.

"ಸರ್ಟಿಫಿಕೇಟ್ ಸಿಕ್ಕಿತಲ್ಲ ನಿನಗೆ? ಹೇಳು ನೋಡುವಾ. ನೀನು ಎಂಜಿನ್ ಬೋಟಲ್ಲಿ ಹೋಗ್ತಾ ಇದ್ದಿ, ಹಾಯಿದೋಣಿ ಒಂದು ಅಡ್ಡ ಬಂತು. ದಾರಿ ಯಾರದ್ದು?"

"ಹಾಯಿದೋಣೀದು ಅಂಕಲ್. ಹಿಂದಿನಿಂದ ಬಂದು ನಮ್ಮನ್ನ ಓವರ್‌ಟೇಕ್ ಮಾಡ್ತಿದ್ರೆ ಬೇರೆ. ಅಡ್ಡ ಬಂದ್ರೆ ಎಂಜಿನ್ ಇದ್ದೋರೇ ಬಿಡ್ಬೇಕು. ಸ್ಲೋ ಮಾಡಿ ಅವರ ಬೆನ್ನ ಹಿಂದಿನಿಂದ ಹೋಗ್ಬೇಕು."

"ಹಾಯಿಯವ ಎಂತ ಮಾಡ್ಬೇಕು?"

"ಏನೂ ಮಾಡ್ಬಾರ್ದು. ಇರೋ ದಿಕ್ಕಲ್ಲೇ, ಇರೋ ಸ್ಪೀಡಲ್ಲೇ ಹೋಗ್ತಿರ್ಬೇಕು. ಅವ್ರು ಆ ಕಡೆ ಈ ಕಡೆ ತಿರುಗಿದ್ರೆ ನಮಗೆ ಕನ್‌ಫ್ಯೂಸ್ ಆಗತ್ತಲ್ಲ."

"ಹ್ಞಾಂ. ಪುಸ್ತಕ ಸರಿಯಾಗಿ ಓದಿದ್ದಿ." ಮಾಮ ಕಿಟಕಿ ಕಡೆ ತಿರುಗಿದರು. "ನಾನೂ ಓದಿದ್ದೆ ಮಾರಾಯ. ನಿನಗಿಂತ ಚೆನ್ನಾಗಿ ಓದಿದ್ದೆ. ಆದ್ರೂ ಒಬ್ಬನನ್ನು ಕೊಂದೆ."

ಅತ್ತೆಯ ಕೈಯ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ವರ್ಷಿಣಿ ಫೋನನ್ನು ಮಗುಚಿ ಇಟ್ಟಳು. ನಾನು ಪಟ್ಟಿಯ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದೆ. ಮಾಮ ಹೇಳತೊಡಗಿದರು.

"ನೋಡಿ... ನಾನು ಈ ಊರಿಗೆ ಬಂದದ್ದು ತೊಂಬತ್ನಾಲ್ಕರ ಜೂನ್ ತಿಂಗಳಲ್ಲಿ. ಇವಳಿನ್ನೂ ಊರಲ್ಲೇ ಇದ್ದಳು. ನನ್ನ ಹತ್ರ ಸರ್ಟಿಫಿಕೇಟ್ ಇತ್ತು, ನಮ್ಮ ಕಡಲಲ್ಲಿ ಹದಿನಾಲ್ಕು ವರ್ಷ ಚುಕ್ಕಾಣಿ ಹಿಡಿದ ಕೈ ಇತ್ತು, ಇಲ್ಲದಿದ್ದದ್ದು ಒಂದೇ, ಭಾಷೆ. ಹಿಂದಿ ಅರ್ಧಂಬರ್ಧ. ಬಂಗಾಳಿಯಂತೂ ಎಂತ ಕೇಳಿದ್ರೂ ಒಂದೇ ಥರ, ಬಾಯಲ್ಲಿ ರಸಗುಲ್ಲ ಇಟ್ಕೊಂಡು ಮಾತಾಡಿದ ಹಾಗೆ. ಖಾಸಗಿ ಕಂಪೆನಿ ಒಂದರ ಲಾಂಚು, ಅದನ್ನು ನಡೆಸ್ತಿದ್ದ ಹಳೇ ತಾಂಡೇಲನಿಗೆ ಜ್ವರ ಬಂತು ಅಂತ ನನ್ನನ್ನು ಹತ್ತಿಸಿದರು. ದಿನಾ ಇಪ್ಪತ್ತು ಕೂಲಿಯವರನ್ನು ಕಾಶಿಪುರದ ಗೋದಾಮಿಗೆ ಮುಟ್ಟಿಸೂದು, ವಾಪಸ್ ತರೂದು. ಅಷ್ಟೇ ಕೆಲಸ. ಮೂರು ವಾರ... ಮೂರು ವಾರ ನಾನು ಒಬ್ಬರ ಬಾಯಲ್ಲಿ ಕನ್ನಡ ಕೇಳ್ಲಿಲ್ಲ. ಈಗಿನ ಹಾಗೆ ಫೋನು ಉಂಟಾ? ಮನೆಗೆ ಬರೆದ ಕಾಗದ ಹೋಗ್ಲಿಕ್ಕೇ ಎಂಟು ದಿನ. ಒಂದು ರಾತ್ರಿ ಸುಮ್ಮನೆ ಗೋಡೆ ಹತ್ರ 'ಊಟ ಆಯ್ತಾ' ಅಂತ ನಾನೇ ಕೇಳಿದ್ದೆ, ನಗಬೇಡಿ, ಆ ಶಬ್ದ ಕಿವಿಗೆ ಬೀಳ್ಲಿ ಅಂತ. ಕಿವಿಗೂ ಹಸಿವು ಆಗ್ತದೆ, ಗೊತ್ತುಂಟಾ ನಿಮಗೆ?

"ಆವತ್ತು ಮಧ್ಯಾಹ್ನ ಮೂರೂವರೆ. ನದಿಗೆ ಕಡಲ ಭರತ ಏರಿ ನೀರು ಉಬ್ತಾ ಇತ್ತು, ನಾವು ಉತ್ತರಕ್ಕೆ ಹೋಗ್ತಾ ಇದ್ದೇವೆ, ಬಲಗಡೆ ಕಲ್ಕತ್ತದ ಘಾಟುಗಳು, ಎಡಗಡೆ ಹೌರಾ. ಮಳೆ ಇರ್ಲಿಲ್ಲ, ಆದ್ರೆ ದಕ್ಷಿಣದಿಂದ ಗಾಳಿ ಜೋರು ಎದ್ದಿತ್ತು. ಅಹಿರಿಟೋಲಾ ಘಾಟು ದಾಟಿದ ಮೇಲೆ ಹೌರಾ ಕಡೆಯಿಂದ ಒಂದು ಹಾಯಿದೋಣಿ ಹೊರಟದ್ದು ಕಂಡೆ. ಆಗಿನ್ನೂ ಹಾಯಿ ಇದ್ದವು ಈ ನದಿಯಲ್ಲಿ. ಕಂದು ಬಣ್ಣದ ಹಾಯಿ, ನಾಲ್ಕು ಕಡೆ ತೇಪೆ. ಕುಮಾರ್‌ಟುಲಿಯ ಮೂರ್ತಿ ಮಾಡುವವರಿಗೆ ಜೇಡಿಮಣ್ಣು ತರುವ ದೋಣಿ ಅದು, ಹೊಟ್ಟೆ ತುಂಬ ಮಣ್ಣು, ಅಂಚು ನೀರಿಗಿಂತ ಒಂದು ಗೇಣು ಮೇಲೆ. ಮುಂದೆ ಒಬ್ಬ ಆಳು. ಹಿಂದೆ ಚುಕ್ಕಾಣಿ ಹಿಡಿದು ಒಬ್ಬ ಮುದುಕ. ಅವನ ಹೆಸರು ಹಾರಾಧನ ಮಾಝಿ. ಆಗ ನನಗೆ ಗೊತ್ತಿರ್ಲಿಲ್ಲ... ಆಮೇಲೆ ಗೊತ್ತಾಯ್ತು, ಆಮೇಲೆ ಮರೆತದ್ದಿಲ್ಲ.

"ಅವ ನನ್ನ ಎಡದಿಂದ ಬಲಕ್ಕೆ ದಾಟ್ತಾ ಇದ್ದಾನೆ. ನಾನೆಂತ ಮಾಡ್ಬೇಕು? ರಂಜಿತ ಈಗಷ್ಟೇ ಹೇಳಿದ. ನಿಧಾನ ಮಾಡಿ, ಎಡಕ್ಕೆ ತಿರುಗಿಸಿ, ಅವನ ಬೆನ್ನ ಹಿಂದಿನಿಂದ ಹೋಗ್ಬೇಕು. ನನ್ನ ಕೈ ಚಕ್ರದ ಮೇಲೆ ತಿರುಗ್ಲಿಕ್ಕೇ ಹೊರಟಿತ್ತು, ದೇವರಾಣೆ ಹೊರಟಿತ್ತು. ಆವಾಗ ಆ ಮುದುಕ ಎದ್ದು ನಿಂತು ಕೈ ಚಾಚಿ ಕೂಗಿದ. ಎಂತ ಕೂಗಿದ? 'ಬಾ... ಬಾ...' ಅಂತ ಕೂಗಿದ."

ಮಾಮ ನಿಲ್ಲಿಸಿದರು. ಕೆಳಗೆ ಗಲ್ಲಿಯಲ್ಲಿ ಯಾರೋ ನೀರು ಸೀಳಿಕೊಂಡು ನಡೆದು ಹೋದ ಸದ್ದು.

"ಕನ್ನಡದಲ್ಲಾ?" ಎಂದಳು ವರ್ಷಿಣಿ.

"ನನ್ನ ಕಿವಿಗೆ ಕನ್ನಡದಲ್ಲೇ ಬಿತ್ತು ಮಗಾ. ನಮ್ಮಮ್ಮ ಅಂಗಳದಲ್ಲಿ ನಿಂತು ಕರೀತಿದ್ದಳಲ್ಲ, ಹಾಗೇ. ಮೂರು ವಾರದ ಮೇಲೆ ಈ ಪರದೇಶದ ನದಿ ಮಧ್ಯದಲ್ಲಿ ಒಬ್ಬ ನನ್ನನ್ನು 'ಬಾ' ಅಂತಾನೆ... ನನಗೆ ಮೈಯೆಲ್ಲ ಬೆಚ್ಚಗಾಯ್ತು. ಇವ ನಿಂತ್ಕೊಳ್ತಾನೆ, ನನಗೆ ಮುಂದಿನಿಂದ ಬರ್ಲಿಕ್ಕೆ ಹೇಳ್ತಾ ಇದ್ದಾನೆ ಅಂದ್ಕೊಂಡೆ. ಚಕ್ರ ತಿರುಗಿಸ್ಲಿಲ್ಲ. ವೇಗ ಕಡಿಮೆ ಮಾಡ್ಲಿಲ್ಲ. ನೇರ ಹೋದೆ. ಅವ ನಿಲ್ಲೂದು ಹೇಗೆ? ಹಾಯಿಗೆ ಬ್ರೇಕ್ ಉಂಟಾ? ಅವ ನಿಯಮದ ಪ್ರಕಾರ ತನ್ನ ದಾರಿ ಹಿಡಿದು ಬರ್ತಾ ಇದ್ದಾನೆ, ಇಷ್ಟು ದೊಡ್ಡ ಲಾಂಚು ತನ್ನ ಮೇಲೆ ಬರೂದು ಕಂಡ್ರೂ ಒಂದು ಕೂದಲಷ್ಟು ತಿರುಗ್ಲಿಲ್ಲ, ಇವ ಈಗ ತಿರುಗ್ತಾನೆ, ಈಗ ತಿರುಗ್ತಾನೆ ಅಂತ ನನ್ನನ್ನು ನಂಬಿ ಕೂಗ್ತಾನೇ ಇದ್ದ...

"ದೊಡ್ಡ ಸದ್ದೇನೂ ಆಗ್ಲಿಲ್ಲ. ತೆಂಗಿನಕಾಯಿ ಒಡೆದಷ್ಟೇ. ಮಣ್ಣಿನ ದೋಣಿ, ತುಂಬಿದ ಬಿಂದಿಗೆಯ ಹಾಗೆ ಕೆಳಗೆ ಹೋಯ್ತು. ಆಳನ್ನು ನಮ್ಮ ಕೂಲಿಯವರು ಲಾಂಚಿಗೆ ಎಳೆದು ಹಾಕಿದರು. ಮುದುಕ ಸಿಗ್ಲಿಲ್ಲ. ಎರಡು ದಿನ ಹುಡುಕಿದರು, ಜೇಡಿಮಣ್ಣಿನ ಕೆಳಗೆ ಎಲ್ಲಿ ಅಂತ ಹುಡುಕೂದು?

"ಮೂರನೆಯ ದಿನ ನಾನು ಎಸ್ಪ್ಲನೇಡಿಗೆ ಬಸ್ಸಲ್ಲಿ ಹೋಗ್ತಾ ಇದ್ದೆ. ಬಾಗಿಲಲ್ಲಿ ನೇತಾಡ್ತಿದ್ದ ಕಂಡಕ್ಟರ್ ಬಸ್ಸಿನ ಮೈಗೆ ಬಡಿದು ಮೂಗಿನಲ್ಲಿ ಕೂಗಿದ. 'ಬಾಂಯೆ! ಬಾಂಯೆ! ಬಾಂ!' ಡ್ರೈವರ ಎಡಕ್ಕೆ ತಿರುಗಿಸಿದ. ತಿಳೀತಲ್ಲ? ಎಡಕ್ಕೆ, ಎಡಕ್ಕೆ ಅಂತ ಕೂಗಿದ್ದ ಹಾರಾಧನ. ನನ್ನ ಬೆನ್ನ ಹಿಂದಿನಿಂದ ಹೋಗು ಅಂತ. ಕೊನೆಯ ಅಕ್ಷರವನ್ನೂ ಮೂಗಿನ ಸ್ವರವನ್ನೂ ಗಾಳಿ ತಿಂದಿತ್ತು. ಉಳಿದದ್ದು ನನ್ನ ಕನ್ನಡ. ಬೇರೆ ಯಾವ ಊರಿನವ ಆ ಚಕ್ರ ಹಿಡಿದಿದ್ರೂ ಆ ಮನುಷ್ಯ ಬದುಕ್ತಿದ್ದ. ಬಿಹಾರಿ ಬದುಕಿಸ್ತಿದ್ದ, ಒಡಿಶಾದವ ಬದುಕಿಸ್ತಿದ್ದ. ಕಿವುಡ ಬದುಕಿಸ್ತಿದ್ದ! ನಾನು ಕೊಂದೆ."

"ತಿಳಿಯದೆ ಆದದ್ದು ಅದು," ಅತ್ತೆಯ ದನಿ ಸಣ್ಣದಾಗಿತ್ತು. "ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಹೇಳ್ಲಿಲ್ವಲ್ಲ ನೀವು."

"ತಿಳಿಯದೆ ಆದದ್ದು ಅಷ್ಟೇ ಆಗಿದ್ರೆ ಹೇಳ್ತಿದ್ದೆ ರುಕ್ಮಿಣಿ. ವಿಚಾರಣೆ ಆಯ್ತು. ಮೇಜಿನ ಆ ಕಡೆ ಕೂತವರು ಕೇಳಿದರು, ಹಾಯಿದೋಣಿ ಕೊನೇ ಗಳಿಗೆಯಲ್ಲಿ ದಾರಿ ಬದಲಿಸಿತಾ ಅಂತ. 'ಬಾ' ಅಂದದ್ದು ಕೇಳಿ ಹೋದೆ ಅಂದ್ರೆ ನಗ್ತಾರೆ, ಸರ್ಟಿಫಿಕೇಟ್ ಕಿತ್ಕೊಳ್ತಾರೆ. ಹೌದು ಸಾರ್, ಬದಲಿಸಿತು ಅಂದೆ. ನನ್ನ ಎದುರಿಗೇ ತಿರುಗಿಸಿದ ಅಂದೆ. ಆ ಆಳು ಅಳ್ತಾ ಅಳ್ತಾ ಇಲ್ಲ ಅಂತ ಹೇಳಿದ, ಯಾರು ಕೇಳ್ತಾರೆ? ತಪ್ಪು ಹಾಯಿದೋಣಿಯದ್ದು ಅಂತ ಬರೆದರು. ಅರವತ್ತು ವರ್ಷ ನದಿ ಮೇಲೆ ಬದುಕಿದವ, ಸಾವು ಎದುರಿಗೆ ಬಂದಾಗಲೂ ತನ್ನ ದಾರಿ ಬಿಡದೆ ನಿಂತವ, ಅವನ ಹೆಸರಿಗೆ ದಾರಿ ತಪ್ಪಿದವ ಅಂತ ಬಿತ್ತು. ನಾನು ಮತ್ತೆ ಲಾಂಚು ಹತ್ತಿದೆ.

"ಎಷ್ಟು ದಿನ? ಒಟ್ಟು ಇಪ್ಪತ್ತೆರಡು ದಿನ, ಅಷ್ಟೇ. ಅದರಲ್ಲೇ ಒಂದು ಮಧ್ಯಾಹ್ನ. ಅದೇ ಹೊತ್ತು, ಅದೇ ಭರತ, ಅದೇ ಜಾಗ. ಹೌರಾ ಕಡೆಯಿಂದ ಕಂದು ಹಾಯಿ ಹೊರಟಿತು. ಮೊದಲು ಬೇರೆ ದೋಣಿ ಅಂದ್ಕೊಂಡೆ. ಆಮೇಲೆ ಹಾಯಿ ನೋಡಿದೆ... ನೀರಿನವನ ಕಣ್ಣಿಗೆ ಮೊದಲು ಬೀಳೂದು ಅದೇ. ಗಾಳಿ ದಕ್ಷಿಣದಿಂದ ಬರ್ತಾ ಉಂಟು, ಹಾಯಿ ಉತ್ತರಕ್ಕೆ ಉಬ್ಬಬೇಕು ಅಲ್ವಾ? ಅದು ದಕ್ಷಿಣಕ್ಕೆ ಉಬ್ಬಿತ್ತು. ಗಾಳಿಗೆ ಎದುರಾಗಿ. ದೋಣಿ ಹಿಂದೆ ನೀರಿನಲ್ಲಿ ಒಂದು ಗೆರೆ ಇಲ್ಲ. ಹಿಂದೆ ಚುಕ್ಕಾಣಿಯ ಹತ್ರ ಅವ ಎದ್ದು ನಿಂತ. ಕೈ ಚಾಚಿದ. ಬಾಯಿ ತೆರೆದ, ಒಳಗೆ ನಾಲಿಗೆ ಹಲ್ಲು ಎಂತದೂ ಇಲ್ಲ, ತುಂಬ ಕಪ್ಪು ಜೇಡಿ... ಆ ಜೇಡಿಯ ಒಳಗಿಂದ ಬಂತು ಶಬ್ದ. 'ಬಾ.'

"ನಾನು ಎಡಕ್ಕೆ ತಿರುಗಿಸಿದೆ. ಕೈ ಮುರೀವಷ್ಟು ತಿರುಗಿಸಿದೆ. ಕೂಲಿಯವರು ಒಬ್ಬರ ಮೇಲೊಬ್ಬರು ಬಿದ್ದು ಬೈದರು, ಹುಚ್ಚ, ಎದುರಿಗೆ ಎಂತದೂ ಇಲ್ಲದೆ ಯಾಕೆ ತಿರುಗಿಸ್ತಿ ಅಂತ. ಅವರಿಗೆ ಕಾಣ್ಲಿಲ್ಲ, ಕೇಳ್ಲಿಲ್ಲ. ಅವನ ಬೆನ್ನ ಹಿಂದಿನಿಂದ ದಾಟಿದೆ. ದಾಟುವಾಗ ಹಸಿ ಮಣ್ಣಿನ ವಾಸನೆ ಬಂತು, ಅಷ್ಟೇ. ಹೀಗೆ ನಾಲ್ಕು ಸಲ. ಐದನೇ ಸಲಕ್ಕೆ ನಾನು ಕಾಯ್ಲಿಲ್ಲ. ಆವತ್ತೇ ದಡಕ್ಕೆ ಇಳಿದೆ. ಆಮೇಲೆ ಇಪ್ಪತ್ತೈದು ವರ್ಷ ಗೋದಾಮಿನ ಆಫೀಸಿನಲ್ಲಿ ಕೂತೆ, ನದಿ ಕಡೆ ಕಿಟಕಿ ಇಲ್ಲದ ಮೇಜು ಕೇಳಿ ತಗೊಂಡೆ."

ಮಾಮ ಲೋಟ ಎತ್ತಿ ನೀರು ಕುಡಿದರು. ಆಮೇಲಿನ ಮಾತು ಅವರು ರಂಜಿತನೊಬ್ಬನಿಗೇ ಹೇಳಿದಂತಿತ್ತು.

"ನಿನ್ನನ್ನು ಹೆದರಿಸ್ಲಿಕ್ಕೆ ಹೇಳಿದ್ದಲ್ಲ. ಹನ್ನೊಂದು ಜನ ನಿನ್ನ ಕೈಯಲ್ಲಿ ಕೂತ್ಕೊಳ್ತಾರೆ ನಾಳೆ, ಎಲ್ಲ ನಮ್ಮವರು, ಅದಕ್ಕೆ ಹೇಳಿದೆ. ಮೂವತ್ತು ವರ್ಷ ನಾನು ಇದನ್ನು ಯೋಚ್ನೆ ಮಾಡಿದ್ದೇನೆ. ಅವ ನನ್ನನ್ನು ಕರೆದದ್ದಾ, ಇಲ್ಲ ದಾರಿ ತೋರಿಸಿದ್ದಾ? 'ಬಾ' ಅಂದನಾ, 'ಬಾಂ' ಅಂದನಾ? ನಾಲ್ಕು ಸಲವೂ ಎಡಕ್ಕೆ ತಿರುಗಿಸಿದೆ, ನಾಲ್ಕು ಸಲವೂ ಉಳಿದೆ. ಹಾಗಾಗಿ ನನ್ನ ಮನಸ್ಸು ಹೇಳೂದು ಒಂದೇ. ಅವ ಒಳ್ಳೆಯವ. ಅಷ್ಟು ಅನ್ಯಾಯ ಮಾಡಿದ ಮೇಲೂ ಸರಿಯಾದ ದಾರಿಯನ್ನೇ ಹೇಳ್ತಾ ಇದ್ದಾನೆ. ಹೌರಾ ಕಡೆಯಿಂದ ಹಾಯಿ ಕಂಡ್ರೆ, ಆ ಶಬ್ದ ಕೇಳಿದ್ರೆ, ನಮ್ಮ ಭಾಷೆ ಅಂತ ಖುಷಿಪಡ್ಬೇಡ. ಎಡಕ್ಕೆ ತಿರುಗಿಸು. ಅಷ್ಟು ಮಾಡಿದ್ರೆ ನಿನಗೆ ಎಂತದೂ ಆಗೂದಿಲ್ಲ."

ರಂಜಿತ್ ಈಗ ಒಂದು ತಮಾಷೆ ಮಾಡುತ್ತಾನೆಂದು ನಾನು ಕಾದೆ. ಅವನು ಯಾವಾಗಲೂ ಮಾಡುತ್ತಾನೆ. ಮಾಡಲಿಲ್ಲ. ವರ್ಷಿಣಿಯ ಕಡೆ ನೋಡಿದ. ಅವಳು ಅವನನ್ನು ಮೊದಲೇ ನೋಡುತ್ತಿದ್ದಳು.

"ಹೇಳು," ಎಂದಳು ಅವಳು.

"ಸುಮ್ನಿರೇ. ಅದು ಯಾರೋ ಏನೋ."

"ಹಾಗಿದ್ರೆ ನಾನೇ ಹೇಳ್ತೀನಿ. ಅಂಕಲ್, ಗುರುವಾರ ಸಂಜೆ ನಾವಿಬ್ರೇ ಬೋಟ್ ಟ್ರಯಲ್‌ಗೆ ಹೋಗಿದ್ವಿ. ಅಹಿರಿಟೋಲಾ ದಾಟಿದ್ಮೇಲೆ ಎಡಗಡೆಯಿಂದ ಒಂದು ಹಾಯಿದೋಣಿ ಬಂತು. ಈಗ ಎಲ್ಲ ದೋಣಿಗೂ ಎಂಜಿನ್ ಇರೋವಾಗ ಇದೇನಪ್ಪಾ ಹಾಯಿ ಅಂತ ನಾನು ಬೆರಗಾಗಿ ನೋಡ್ತಿದ್ದೆ. ಹಿಂದುಗಡೆ ಒಬ್ರು ಅಜ್ಜ ನಿಂತಿದ್ರು. ಕೈ ಚಾಚಿ ಕೂಗಿದ್ರು."

ಮಾಮ ಕುರ್ಚಿಯ ತುದಿಗೆ ಬಂದರು. "ಹ್ಞಾಂ. 'ಬಾ' ಅಂದ. ನೀನು ತಿರುಗಿಸಿದಿ ಅಲ್ವಾ ರಂಜಿತ? ಎಡಕ್ಕೆ?"

"ತಿರುಗಿಸ್ದೆ ಅಂಕಲ್. ರೂಲ್ ಅದೇ ಅಲ್ವಾ. ಹಿಂದಿನಿಂದಾನೇ ಹೋದ್ವಿ." ರಂಜಿತ್ ತುಟಿ ಒರೆಸಿಕೊಂಡ. "ಆದ್ರೆ ಅವ್ರು 'ಬಾ' ಅನ್ಲಿಲ್ಲ."

"ಮತ್ತೆ?"

"'ಬನ್ನಿ' ಅಂದ್ರು. 'ಬನ್ನಿ, ಬನ್ನಿ' ಅಂತ ಎರಡು ಸಲ. ಸ್ಪಷ್ಟವಾಗಿ ಕೇಳ್ತು. ಯಾರೋ ನಮ್ ಕಡೆಯೋರು ಇಲ್ಲಿ ದೋಣಿ ಇಟ್ಟಿದಾರಲ್ಲ ಅಂತ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ. ನಾನೂ ಕೈ ಬೀಸಿ ಕೂಗ್ದೆ. ಭಾನುವಾರ ಬರ್ತೀವಿ, ಎಲ್ರನ್ನೂ ಕರ್ಕೊಂಡ್ ಬರ್ತೀವಿ ಅಂತ."

ಮಾಮನ ಕೈ ಗಾಳಿಯಲ್ಲೇ ಏನನ್ನೋ ಹಿಡಿದಂತೆ, ಎಡಕ್ಕೆ ತಿರುಗಿಸಿದಂತೆ ಅಲುಗಿತು. ಆಮೇಲೆ ಅವರು ನನ್ನ ಕಡೆ ನೋಡಿದರು.

"ಸಿಂಧೂರ, ನೀನು ಇಲ್ಲೇ ಹುಟ್ಟಿ ಬೆಳೆದವಳು. ಬಂಗಾಳಿ ಓದ್ತಿ, ಬರೀತಿ. ಸರಿಯಾಗಿ ಯೋಚ್ನೆ ಮಾಡಿ ಹೇಳು ಮಗಾ. ದೋಣಿ ನಡೆಸುವವ ಇನ್ನೊಬ್ಬ ದೋಣಿಯವನಿಗೆ ಕೂಗುವಂಥ ಮಾತು ಯಾವುದಾದ್ರೂ ಉಂಟಾ ಬಂಗಾಳಿಯಲ್ಲಿ... 'ಬನ್ನಿ' ಅಂತ ಕೇಳುವ ಹಾಗೆ? ಎಡಕ್ಕೆ ಅಂತಲೋ, ನಿಧಾನ ಅಂತಲೋ, ಜಾಗ್ರತೆ ಅಂತಲೋ?"

ನಾನು ಯೋಚಿಸಿದೆ. ಶಾಲೆಯಲ್ಲಿ ಕಲಿತದ್ದು, ಬಸ್ಸಿನಲ್ಲಿ, ಮೀನಿನ ಪೇಟೆಯಲ್ಲಿ, ಫೆರ್ರಿ ಘಾಟಿನಲ್ಲಿ ಕೇಳಿದ್ದು, ಎಲ್ಲ ಶಬ್ದಗಳನ್ನೂ ಒಂದೊಂದಾಗಿ ನಾಲಿಗೆಯ ಮೇಲಿಟ್ಟು ನೋಡಿದೆ. ಒಂದು ಸಿಕ್ಕಿದರೆ ಸಾಕಿತ್ತು. ಸುಳ್ಳಾದರೂ ಒಂದನ್ನು ಹೇಳಿಬಿಡೋಣವೆಂದೂ ಅನ್ನಿಸಿತು, ಅವರ ಕಣ್ಣು ಅಷ್ಟು ಬೇಡುತ್ತಿತ್ತು.

"ಇಲ್ಲ ಮಾಮ," ಎಂದೆ.

ರುಕ್ಮಿಣಿ ಅತ್ತೆ ನನ್ನ ಮಡಿಲಿನಿಂದ ಪಟ್ಟಿ ಎತ್ತಿಕೊಂಡು ಎರಡಾಗಿ, ನಾಲ್ಕಾಗಿ ಹರಿದರು. "ನಾಳೆ ಯಾರೂ ಹೋಗೂದು ಬೇಡ," ಎಂದರು. ರಂಜಿತ್ ತಲೆಯಾಡಿಸಿದ. ಆದರೂ ಸ್ವಲ್ಪ ಹೊತ್ತಿನ ಮೇಲೆ, ತನಗೇ ಹೇಳಿಕೊಂಡಂತೆ, "ಮುಂದಿನ ವಾರ ಒಬ್ಬ ಬಂಗಾಳಿ ಡ್ರೈವರ್‌ನ ಇಟ್ಕೊಂಡ್ರೆ ಆಯ್ತಲ್ವಾ ಅಂಕಲ್? ಅವ್ನಿಗೆ ಕೇಳಿದ್ರೂ ಅರ್ಥ ಆಗಲ್ಲ," ಎಂದ.

"ಹಾಗೇ ಮಾಡು," ಎಂದರು ಉಮಾಪತಿ ಮಾಮ. ಅವರ ದನಿಯಲ್ಲಿ ಈಗ ಹೆದರಿಕೆಯೂ ಇರಲಿಲ್ಲ. "ಬಂಗಾಳಿಯವನ ಕೈಯಲ್ಲಿ ಚಕ್ರ ಕೊಡು. ಆದ್ರೆ ಹಿಂದೆ ಕೂತವರು ಯಾರು ಮಾರಾಯ? ನಮ್ಮವರೇ ಅಲ್ವಾ? ನಾನೊಬ್ಬನೇ ಇದ್ದಾಗ ಅವ 'ಬಾ' ಅಂದ. ನೀವಿಬ್ಬರು ಹೋದಿರಿ, 'ಬನ್ನಿ' ಅಂದ. ಮೂವತ್ತೊಂದು ವರ್ಷ ಆ ಮಣ್ಣಿನ ಕೆಳಗೆ ಕೂತು, ಕರೀಲಿಕ್ಕೆ ನಮ್ಮ ಭಾಷೆ ಕಲಿತಿದ್ದಾನೆ... ನಾನು ಬರೂದಿಲ್ಲ ಅಂತ ಅವನಿಗೆ ಯಾವಾಗಲೋ ಗೊತ್ತಾಗಿದೆ. ಇನ್ನು ನಾನೇ ಆಗ್ಬೇಕು ಅಂತಿಲ್ಲ ಅವನಿಗೆ. ಕನ್ನಡ ತಿಳಿಯುವ ಕಿವಿ ಯಾರದ್ದಾದ್ರೂ ಸಾಕು."